ಗಾಳಿ ತೆಗೆದವನು

ರಬ್ಬರ್ ಪಟ್ಟಿ ಏಕಾಂತಪ್ಪನ ಕೈಯಲ್ಲೇ ಪಟ್ ಎಂದು ಹರಿಯಿತು.

ಅವನು ಎಳೆದದ್ದೂ ಅಲ್ಲ, ಜಗ್ಗಿದ್ದೂ ಅಲ್ಲ. ಕೊಟ್ಟಿಗೆಹಾರದ ಆಚೆ, ಕಾಡಿನ ಅಂಚಿನ ಗುಡ್ಡದ ಮೇಲೆ ಗಾಳಿಯನ್ನು ಅಳೆಯುವ ಒಂದು ಸಂಶೋಧನಾ ಕೇಂದ್ರವಿತ್ತು. ಅದರ ಹಿತ್ತಲಲ್ಲಿ ಮರದ ಟೊಂಗೆಯೊಂದಕ್ಕೆ ಪಾರದರ್ಶಕ ಚೀಲ ತೊಡಿಸಿ, ಅದರ ಬಾಯನ್ನು ರಬ್ಬರ್ ಪಟ್ಟಿಯಿಂದ ಬಿಗಿದಿದ್ದರು. ಮನುಷ್ಯರಿಗೆ ಟೋಪಿ ಹಾಕುವುದು ಸಾಲದು ಅಂತ ಮರಕ್ಕೂ ಹಾಕಿದ್ದಾರಲ್ಲ ಎಂದು ನಗುತ್ತಾ ಬೆರಳು ತಾಗಿಸಿದ್ದಷ್ಟೇ.

ಏಕಾಂತಪ್ಪ ಚಿಕ್ಕಮಗಳೂರಿನ ಇನ್ಶೂರೆನ್ಸ್ ಸರ್ವೇಯರ್. ಎಲ್ಲಿ ಗಾಡಿ ಬಿದ್ದರೂ ಹೋಗಿ, ಯಾವ ಭಾಗ ಮುರಿಯಿತು, ಯಾಕೆ ಮುರಿಯಿತು ಎಂದು ಪತ್ತೆ ಮಾಡುವುದು ಅವನ ಕಸುಬು. ಹೆಸರು ಏಕಾಂತಪ್ಪನಾದರೂ ಮಾತಿಲ್ಲದೆ ಅರೆಗಳಿಗೆ ಇರಲಾರದ ಆಸಾಮಿ. ಜೊತೆಗೆ ಯಾರೂ ಸಿಗದಿದ್ದರೆ ನಜ್ಜುಗುಜ್ಜಾದ ಗಾಡಿಯ ಹತ್ತಿರವೇ ಕಷ್ಟಸುಖ ಮಾತಾಡುತ್ತಾನೆ ಎಂದು ಆಲ್ದೂರಿನ ಮೆಕ್ಯಾನಿಕ್ಕುಗಳು ಆಡಿಕೊಳ್ಳುತ್ತಾರೆ. ಅಂಥವನ ಬಾಯಿ ಈಗ ಕಟ್ಟಿಹೋಯಿತು.

ಹೆಗಲ ಚೀಲದಿಂದ ಗೇಣುದ್ದದ ರಬ್ಬರಿನ ಬ್ರೇಕ್ ಪೈಪನ್ನು ತೆಗೆದು ಪಟ್ಟಿಯ ಪಕ್ಕ ಹಿಡಿದ. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಉಮಾಮಹೇಶ್ವರ ಅವರಿದ್ದ ಜೀಪು ಚಾರ್ಮಾಡಿ ಘಾಟಿಯ ತಿರುವಿನಲ್ಲಿ ರಸ್ತೆ ಬದಿಯ ಮಣ್ಣಿನ ಧರೆಗೆ ಗುದ್ದಿದ್ದು ಈ ಪೈಪು ಒಡೆದೇ. ವಿಜ್ಞಾನಿ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದಾರೆ, ಡ್ರೈವರ್ ರುದ್ರಪ್ಪ ಪೈಪು ಕುಯ್ದ ಆರೋಪದ ಮೇಲೆ ಲಾಕಪ್ಪಿನಲ್ಲಿದ್ದಾನೆ. ನಾಳೆ ಬೆಳಿಗ್ಗೆ ಅವನನ್ನು ಮೂಡಿಗೆರೆ ಕೋರ್ಟಿಗೆ ಕರೆದೊಯ್ದು, ಕೊಲೆ ಯತ್ನದ ಕೇಸಿನಲ್ಲಿ ಜೈಲಿಗೆ ಹಾಕಿಸುವ ತಯಾರಿ ನಡೆದಿತ್ತು.

ಪೈಪಿನ ಬಾಗಿದ ಜಾಗದಲ್ಲಿ ಮಾತ್ರ ಅಡ್ಡಡ್ಡಕ್ಕೆ ಸಣ್ಣ ಸಣ್ಣ ಬಿರುಕುಗಳಿದ್ದವು. ಹರಿದ ಪಟ್ಟಿಯ ಮೇಲೂ ಅವೇ ಬಿರುಕು, ಅದೇ ದಿಕ್ಕು. ಚಾಕು ಹಾಕಿದ್ದರೆ ಒಂದು ನೇರ ಗೀಟು ಬೀಳಬೇಕಿತ್ತು. ಇದು ಚಳಿಗಾಲದ ಹಿಮ್ಮಡಿ ಒಡೆದ ಹಾಗೆ ಒಡೆದಿತ್ತು.

ಕೇಂದ್ರದ ಬಾಗಿಲಲ್ಲಿ ನಿಂತಿದ್ದ ಮಾಲವಿಕಾಳನ್ನು ಕೈಸನ್ನೆ ಮಾಡಿ ಕರೆದ. ಕಳಸದ ಕಡೆಯ ಹುಡುಗಿ, ಉಮಾಮಹೇಶ್ವರರ ಶಿಷ್ಯೆ, ಈಗ ಇಡೀ ಕೇಂದ್ರ ಅವಳ ತಲೆಯ ಮೇಲೆ ಬಿದ್ದಿತ್ತು. ಅಪಘಾತದ ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲವೆಂದು ಕಣ್ಣುಗಳೇ ಹೇಳುತ್ತಿದ್ದವು. ಏಕಾಂತಪ್ಪನಿಗೆ ಪಾಪ ಅನ್ನಿಸಿತು, ಆದರೆ ಕೇಳದೆ ಬಿಡುವಂತಿರಲಿಲ್ಲ.

"ಎಂತ ತಿಂದಿದೆ ತಾಯಿ ಇದನ್ನ? ಇಲಿ ಅಲ್ಲ, ಗೆದ್ದಲೂ ಅಲ್ಲ."

ಅವಳು ಪಟ್ಟಿಯನ್ನು ಮುಟ್ಟಿಯೂ ನೋಡಲಿಲ್ಲ. "ಗಾಳಿ," ಎಂದಳು.

ಏಕಾಂತಪ್ಪ ಮೊದಲು ಅದನ್ನು ತಮಾಷೆ ಅಂದುಕೊಂಡ. ಅವಳು ಒಳಗೆ ಕರೆದೊಯ್ದು, ಮಿಷನ್ನಿನಿಂದ ಸುರುಳಿ ಸುರುಳಿಯಾಗಿ ಇಳಿಯುತ್ತಿದ್ದ ಕಾಗದವನ್ನು ಬಿಡಿಸಿ ತೋರಿಸಿದಳು. ಬೆಳಗಿನ ಹೊತ್ತು ಗೆರೆ ನೆಲ ಹಿಡಿದು ಮಲಗಿರುತ್ತದೆ. ಮಧ್ಯಾಹ್ನ ಕಡಲ ಕಡೆಯ ಗಾಳಿ ಘಟ್ಟ ಹತ್ತಿ ಬಂದಿತೋ, ಗೆರೆಯೂ ಗುಡ್ಡ ಹತ್ತತೊಡಗುತ್ತದೆ. ಅದು ಓಜೋನ್ ಎಂಬ ಅನಿಲದ ಲೆಕ್ಕವಂತೆ. ಆಕಾಶದ ಎತ್ತರದಲ್ಲಿದ್ದರೆ ಸುಡುಬಿಸಿಲಿನ ಕೆಟ್ಟ ಕಿರಣವನ್ನು ತಡೆದು ನಮ್ಮನ್ನು ಕಾಯುತ್ತದೆ. ಅದೇ ನೆಲದ ಹತ್ತಿರ ಹುಟ್ಟಿದರೆ ಎಲೆಯನ್ನು ಸುಡುತ್ತದೆ, ಎದೆಗೂಡನ್ನು ಕೆರೆಯುತ್ತದೆ, ಬಾಗಿ ಬಿಗಿದ ರಬ್ಬರನ್ನು ಸೀಳುತ್ತದೆ.

"ಈ ಕಾಡಿನಲ್ಲಿ ಅದಕ್ಕೇನು ಕೆಲಸ?" ಎಂದು ಏಕಾಂತಪ್ಪ ಕೇಳಿದ. ಇಲ್ಲಿ ಫ್ಯಾಕ್ಟರಿಯಿಲ್ಲ, ಟ್ರಾಫಿಕ್ಕಿಲ್ಲ. ಪೇಟೆಯವರು ಒಳ್ಳೆಯ ಗಾಳಿ ಕುಡಿಯಬೇಕೆಂದು ಶನಿವಾರ ಬಂದು ಭಾನುವಾರ ಹೋಗುವ ಜಾಗ ಇದು.

ಅದೇ ತನ್ನ ಮತ್ತು ಸರ್ ಅವರ ನಡುವಿನ ಜಗಳ ಎಂದು ಹೇಳಿ ಮಾಲವಿಕಾ ಕುರ್ಚಿಯಲ್ಲಿ ಕುಸಿದಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಬಿಸಿಲೇರಿದಾಗ ಕಾಡಿನ ಮರಗಳು ಒಂದು ಬಗೆಯ ಆವಿಯನ್ನು ಉಸಿರಾಡಿ ಬಿಡುತ್ತವೆ. ಆ ಚೀಲ ಕಟ್ಟಿರುವುದು ಆ ಉಸಿರನ್ನು ಹಿಡಿಯುವುದಕ್ಕೆ. ಕಾಡು ತನ್ನ ಪಾಡಿಗೆ ತಾನಿದ್ದರೆ ಆ ಆವಿಯನ್ನು ಅಲ್ಲಿನ ಗಾಳಿಯೇ ತೊಳೆದುಕೊಳ್ಳುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಆದರೆ ಕೆಳಗಿನ ಪಟ್ಟಣದ ಲಾರಿ, ಬಸ್ಸು, ಚಿಮಣಿಗಳ ಹೊಗೆ ಮಧ್ಯಾಹ್ನದ ಗಾಳಿಯ ಬೆನ್ನೇರಿ ಬಂದು ಅದರೊಳಗೆ ಸೇರಿಕೊಂಡರೆ ಕತೆಯೇ ಬೇರೆ. ಹೊಗೆಯೊಳಗಿನ ಸಾರಜನಕದ ಆಕ್ಸೈಡ್ ಅನಿಲ, ಮರದ ಆವಿ, ಮೇಲಿನ ಬಿಸಿಲು, ಮೂರೂ ಕೂಡಿ ಓಜೋನನ್ನು ಹುಟ್ಟಿಸುತ್ತವೆ. ಜೊತೆಗೆ ಕಣ್ಣಿಗೆ ಬೀಳದಷ್ಟು ನುಣ್ಣನೆಯ ಕಣಗಳನ್ನೂ ಕಟ್ಟುತ್ತವೆ. ಬೇಸಿಗೆಯ ಸಂಜೆ ಘಾಟಿಯ ಮೇಲೆ ನೀಲಿಯಾಗಿ ನಿಲ್ಲುವುದನ್ನು ಜನ ಮಂಜು ಅನ್ನುತ್ತಾರೆ, ಅದರಲ್ಲಿ ಅರ್ಧ ಮಂಜೇ ಅಲ್ಲ ಎಂದಳು.

ಏಕಾಂತಪ್ಪ ಗಡ್ಡ ತುರಿಸಿಕೊಂಡ. "ಅಂದ್ರೆ ಹಾಲಿಗೆ ಹೆಪ್ಪು ಬಿದ್ದ ಹಾಗೆ. ಹಾಲು ಕಾಡಿಂದು, ಹೆಪ್ಪು ಪೇಟೆಯದು, ಬೆಚ್ಚಗಿಟ್ಟಿದ್ದು ಸೂರ್ಯ."

ಅಷ್ಟು ದಿನದಲ್ಲಿ ಮೊದಲ ಸಲ ಅವಳು ನಕ್ಕಳು. ನಗು ಬಂದ ಬೆನ್ನಿಗೇ ಅಳುವೂ ಬಂತು. ಘಟ್ಟದ ಕೆಳಗೆ ದೊಡ್ಡದೊಂದು ವಿದ್ಯುತ್ ಸ್ಥಾವರ ಕಟ್ಟುವ ಮಾತು ನಡೆದಿತ್ತು. ಅದಕ್ಕೆ ಜನರ ಅಹವಾಲು ಕೇಳುವ ಸಭೆ ಕರೆದಿದ್ದರು. ಆ ಸಭೆಗೆ ಕೊಡುವ ವರದಿಯಲ್ಲಿ ಉಮಾಮಹೇಶ್ವರರು, ಮಲೆನಾಡಿನ ಗಾಳಿಯಲ್ಲಿರುವ ಓಜೋನಿಗೆ ಮರಗಳ ಆವಿಯೇ ಮೂಲ ಎಂದು ಬರೆದು, ಪಟ್ಟಣದ ಹೊಗೆಯ ಮಾತನ್ನೇ ಎತ್ತದೆ ಮುಗಿಸಿದ್ದರು.

"ಹಾಲಿಲ್ಲದೆ ಮೊಸರಾಗಲ್ಲ ಅಂತ ಬರೆದ್ರೆ ಅದು ಸುಳ್ಳಲ್ಲ," ಎಂದಳು ಮಾಲವಿಕಾ. "ಹೆಪ್ಪು ಹಾಕಿದವರ ಹೆಸರು ಬಿಟ್ಟರೆ ಅದು ನಿಜವೂ ಅಲ್ಲ. ನನಗೆ ಈ ವಿದ್ಯೆ ಕಲಿಸಿದವರೇ ಅವರು. ಅವರ ಕೈಯಿಂದ ಅಂಥದ್ದು ಬಂತಲ್ಲ ಅಂತ ನನಗೆ ಸಂಕಟ."

ಸಭೆಗೆ ಹೋಗಿ ಪೂರ್ತಿ ಮಾತು ಹೇಳುವುದೆಂದು ಅವಳೇ ಹೊರಟಿದ್ದಳು. ಕೊನೆಯ ಗಳಿಗೆಯಲ್ಲಿ ಸರ್ ಬಂದು, ನೀನು ಬೇಡ, ನಾನೇ ಹೋಗಿ ನೀನು ಹೇಳಿದ ಹಾಗೇ ಹೇಳುತ್ತೇನೆ ಎಂದು ಅವಳ ಕಾಗದಗಳನ್ನು ತೆಗೆದುಕೊಂಡು ಜೀಪು ಹತ್ತಿದರಂತೆ. ಮನಸ್ಸು ಬದಲಾಯಿಸಿಕೊಂಡು ಹೊರಟವರು ದಾರಿಯಲ್ಲೇ ಹೀಗಾದರಲ್ಲ ಎಂದು ಅವಳು ಕಣ್ಣೊರೆಸಿಕೊಂಡಳು.

ಏಕಾಂತಪ್ಪ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟು, ತನಗೆ ಬೇಕಾದ ಒಂದೇ ಮಾತು ಕೇಳಿದ. ಇಲ್ಲಿನ ಗಾಳಿಗೆ ರಬ್ಬರು ಹೀಗೆ ಬಿರಿಯಲು ಎಷ್ಟು ಕಾಲ ಹಿಡಿಯುತ್ತದೆ? ಆ ಪಟ್ಟಿ ಹೋದ ಬೇಸಿಗೆಯಲ್ಲಿ ಕಟ್ಟಿದ್ದು, ಹೆಚ್ಚೂಕಡಿಮೆ ವರ್ಷ ಬೇಕು ಎಂದಳು. ಒಳಗಿನ ಗಾಜಿನ ಪೆಟ್ಟಿಗೆಯಲ್ಲಿ ಎಲೆಗಳನ್ನಿಟ್ಟು ಗಟ್ಟಿ ಓಜೋನ್ ಹಾಯಿಸಿ ನೋಡುತ್ತೇವಲ್ಲ, ಅದರಲ್ಲಾದರೆ ಒಂದೆರಡು ದಿನದಲ್ಲೇ ಬಿರಿದೀತು ಎಂದೂ ಸೇರಿಸಿದಳು.

ಆ ಎರಡನೆಯ ಮಾತು ಏಕಾಂತಪ್ಪನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಗೆ ಹೋಯಿತು. ಜೀಪು ಹಳೆಯದು, ಪೈಪೂ ಹಳೆಯದೇ ಇರಬೇಕು, ಗಾಳಿ ತಿಂದು ಬಿರಿದಿದೆ, ಪಾಪದ ರುದ್ರಪ್ಪ ಬಚಾವಾದ ಎಂದು ಅವನು ಆಗಲೇ ಮೆಟ್ಟಿಲಿಳಿದಿದ್ದ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ಮೂವತ್ತು ವರ್ಷ ಗಾಡಿ ನೋಡಿದವನಿಗೂ ಆ ಮಾತು ಒಪ್ಪುತ್ತದೆ.

ಠಾಣೆಯ ಮುಂದಿನ ಹಲಸಿನ ಮರದ ಕೆಳಗೆ ರುದ್ರಪ್ಪನ ಹೆಂಡತಿ ಬಸಮ್ಮ ಕೂತಿದ್ದಳು. ಮಡಿಲಲ್ಲಿ ಗಂಡನ ಒಗೆದ ಅಂಗಿ. ಕೋರ್ಟಿಗೆ ಹೋಗುವಾಗ ರಕ್ತದ ಕಲೆಯ ಅಂಗಿಯಲ್ಲಿ ಹೋಗಬಾರದೆಂದು ತಂದಿದ್ದಳು. ಏಕಾಂತಪ್ಪನಿಗೆ ಬಾಯಿ ತಡೆಯಲಾಗಲಿಲ್ಲ. ಈ ಅಂಗಿ ಕೋರ್ಟಿಗೆ ಬೇಡ, ಹಾಕಿಸಿಕೊಂಡು ಸಂಜೆ ಬಸ್ಸಿಗೆ ಮನೆಗೆ ಕರೆದುಕೊಂಡು ಹೋಗವ್ವ ಎಂದುಬಿಟ್ಟ. ಅವಳು ಎದ್ದು ನಿಂತು ಕೈಮುಗಿದಳು.

ಒಳಗೆ ಸಬ್ ಇನ್‌ಸ್ಪೆಕ್ಟರ್ ಹಿರೇಮಠ ಪೈಪಿನ ಬಿರುಕುಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ಧಾರವಾಡದ ಕಡೆಯವರು, ಮಲೆನಾಡಿಗೆ ವರ್ಗವಾಗಿ ಬಂದು ಒಂದು ಮಳೆಗಾಲವೂ ಕಳೆದಿರಲಿಲ್ಲ. ಕೆಟ್ಟವರೇನಲ್ಲ, ಆದರೆ ಹಿಡಿದದ್ದನ್ನು ಬಿಡುವ ಪೈಕಿಯಲ್ಲ. ಅವರ ಪ್ರಕಾರ ಕಾರಣ ಸ್ಪಷ್ಟವಾಗಿತ್ತು. ಮಿಷನ್ನುಗಳ ಹತ್ತಿರ ಜೀಪಿನ ಇಂಜಿನ್ ಚಾಲೂ ಇಟ್ಟು ನಿಂತದ್ದಕ್ಕೆ, ನಿನ್ನ ಹೊಗೆಯೇ ನನ್ನ ಲೆಕ್ಕದೊಳಗೆ ಬಂತಲ್ಲೋ ಎಂದು ಉಮಾಮಹೇಶ್ವರರು ರುದ್ರಪ್ಪನನ್ನು ಹತ್ತು ಜನರ ಮುಂದೆ ಬೈದಿದ್ದರು. ಅದೇ ಸಿಟ್ಟಿಗೆ ಅವನು ಹೀಗೆ ಮಾಡಿದ್ದಾನೆ.

ಸಿಟ್ಟಿಗೆ ಬ್ರೇಕ್ ಪೈಪು ಕುಯ್ದವನು ಅದೇ ಜೀಪನ್ನು ತಾನೇ ಓಡಿಸಿಕೊಂಡು ಘಾಟಿ ಇಳಿಯುತ್ತಾನೆಯೇ, ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಬೇಡಿ ಎಂದು ಏಕಾಂತಪ್ಪ ಹೇಳಿ ನೋಡಿದ. ಹಿರೇಮಠರು ಕೇಸಿನ ಹಾಳೆಯನ್ನು ಅವನ ಮುಂದೆ ತಳ್ಳಿದರು.

"ಅವ ಸ್ವಂತ ಬಾಯಿಲೇ ಒಪ್ಪ್ಯಾನ್ರಿ. ಬ್ರೇಕಿನ ಗಾಳಿ ನಾನ ತಗದೆ ಅಂದಾನ. ನಮ್ಮ ಅಣ್ಣಂದು ಎರಡು ಲಾರಿ ಅದಾವ. ಬ್ರೇಕಿನ ಗಾಳಿ ತಗದ್ರ ಏನಾಗ್ತದ ಅಂತ ನನಗ ಯಾರೂ ಹೇಳೂದು ಬ್ಯಾಡ."

ಏಕಾಂತಪ್ಪನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಆಮೇಲೆ, ಪಾಪ ಈ ಒಂದು ಮಾತಿಗೆ ಒಬ್ಬ ಮನುಷ್ಯ ರಾತ್ರಿಯಿಡೀ ಕಂಬಿಯ ಹಿಂದೆ ಕೂತನಲ್ಲ ಎಂದುಕೊಂಡು ಹಿರೇಮಠರಿಗೆ ಬಿಡಿಸಿ ಹೇಳಿದ. ಲಾರಿಯ ಬ್ರೇಕು ನಡೆಯುವುದು ಗಾಳಿಯಿಂದ, ಗಾಳಿ ಹೋದರೆ ಬ್ರೇಕೂ ಹೋಯಿತು. ಜೀಪಿನ ಬ್ರೇಕು ನಡೆಯುವುದು ಆಯಿಲಿನಿಂದ. ಅದರ ಪೈಪಿನೊಳಗೆ ಗಾಳಿಯ ಗುಳ್ಳೆ ಸೇರಿಕೊಂಡರೆ ಬ್ರೇಕು ಹಿಡಿಯುವುದಿಲ್ಲ. ಅದನ್ನು ಹೊರಗೆ ಹಾಕಿ ಬ್ರೇಕು ಬಿಗಿ ಮಾಡುವುದಕ್ಕೇ ಇಲ್ಲಿನ ಡ್ರೈವರುಗಳು ಗಾಳಿ ತೆಗೆಯುವುದು ಅನ್ನುತ್ತಾರೆ. ಅದು ತಪ್ಪೊಪ್ಪಿಗೆಯಲ್ಲ, ಗಾಡಿಯನ್ನು ಚೆನ್ನಾಗಿಟ್ಟುಕೊಂಡಿದ್ದೆ ಎಂಬ ಮಾತು.

ಹಿರೇಮಠರು ಭೂತಗನ್ನಡಿ ಬದಿಗಿಟ್ಟರು. ಎದ್ದು ಕಿಟಕಿಯ ಹತ್ತಿರ ಹೋಗಿ, ಹಲಸಿನ ಮರದ ಕೆಳಗೆ ನಿಂತಿದ್ದ ಬಸಮ್ಮನನ್ನು ನೋಡಿ ಬಂದು ಕೂತರು. ಪೈಪು ಹಳತಾಗಿ ಬಿರಿದಿದೆ ಎಂದು ಸರ್ವೇಯರ್ ಬರೆದುಕೊಟ್ಟರೆ ಕೊಲೆ ಯತ್ನದ ಮಾತನ್ನು ಕೈಬಿಡುತ್ತೇನೆ ಎಂದರು. ಅಷ್ಟು ಹೇಳಿ ರುದ್ರಪ್ಪನನ್ನು ಕರೆಸಿದರು.

ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಗಡ್ಡ ಬೆಳೆದ ಮುಖ ಹೊತ್ತು ರುದ್ರಪ್ಪ ಬಂದು ಗೋಡೆಗೆ ಒರಗಿ ನಿಂತ. ಹೆಂಡತಿ ಊಟ ಮಾಡಿದಳಾ ಎಂದು ಮೊದಲು ಕೇಳಿದ. ಏಕಾಂತಪ್ಪ ಅವನಿಗೆ ಕುರ್ಚಿ ಎಳೆದು ಕೊಟ್ಟು ಬರೆಯಲು ಕೂತ.

ಎರಡು ಸಾಲು ಬರೆದವನು ಪೆನ್ನು ನಿಲ್ಲಿಸಿದ.

ಗಾಳಿ ತೆಗೆಯಬೇಕಾಗುವುದು ಯಾವಾಗ? ಗಾಳಿ ಒಳಗೆ ಹೋದಾಗ. ಗಾಳಿ ಒಳಗೆ ಹೋಗುವುದು ಯಾವಾಗ? ಇಷ್ಟು ಹೊತ್ತು ಹಿರೇಮಠರಿಗೆ ಪಾಠ ಹೇಳಿದ ಮಹಾಶಯನಿಗೆ ಅದೇ ಪಾಠದ ಅರ್ಧ ಈಗ ಅರ್ಥವಾಯಿತು. ಸುಮ್ಮನೆ ಬಾಯಿ ಮುಚ್ಚಿಕೊಂಡು ರುಜು ಹಾಕಿದ್ದರೆ ಸಂಜೆ ಬಸ್ಸಿಗೆ ಗಂಡಹೆಂಡಿರು ಮನೆ ಸೇರುತ್ತಿದ್ದರು. ಆದರೆ ಗೊತ್ತಿದ್ದೂ ಸುಳ್ಳು ಬರೆಯಲು ಅವನ ಕೈ ಏಳಲಿಲ್ಲ.

"ರುದ್ರಪ್ಪ, ಗಾಳಿ ಯಾಕೆ ತೆಗ್ದೆ ಮಾರಾಯ?"

"ಹೊಸ ಪೈಪು ಹಾಕಿದ್ನಲ್ಲ ಸಾರ್, ಶಿವರಾತ್ರಿ ಕಳೆದ ಮೇಲೆ. ಪೈಪು ಬಿಚ್ಚಿದ್ರೆ ಗಾಳಿ ತೆಗೀಲೇಬೇಕು. ಬಿಟ್ರೆ ಬ್ರೇಕ್ ನಿಲ್ಲಲ್ಲ."

ಶಿವರಾತ್ರಿ ಕಳೆದು ಇನ್ನೂ ಒಂದು ತಿಂಗಳಾಗಿರಲಿಲ್ಲ. ವರ್ಷವಿಡೀ ಬೀಸಿ ಮಾಡಬೇಕಾದ ಕೆಲಸವನ್ನು ಘಟ್ಟದ ಗಾಳಿ ಕೆಲವು ದಿನಗಳಲ್ಲಿ ಮಾಡಿ ಮುಗಿಸಲು ಸಾಧ್ಯವೇ ಇಲ್ಲ. ಹಾಗಾದರೆ ಪೈಪು ಜೀಪಿಗೆ ಏರುವ ಮೊದಲೇ ಬಿರಿದಿತ್ತು. ಮೇಲ್ನೋಟಕ್ಕೆ ಕಾಣದಷ್ಟು ಸಣ್ಣಗೆ ಬಿರಿದದ್ದನ್ನು ಯಾರೋ ಹೊಸದೆಂದು ಕೊಟ್ಟಿದ್ದರು. ಮಾಲವಿಕಾ ಹೇಳಿದ, ಒಂದೆರಡು ದಿನದಲ್ಲೇ ರಬ್ಬರನ್ನು ಬಿರಿಸಬಲ್ಲ ಓಜೋನಿನ ಗಾಜಿನ ಪೆಟ್ಟಿಗೆ ಈಗ ತಡವಾಗಿ ಅವನ ತಲೆಗೆ ಬಂತು. ಅದನ್ನು ಅವನು ಬಾಯಿಬಿಟ್ಟು ಹೇಳಿದಾಗ ಹಿರೇಮಠರೂ ಕುರ್ಚಿ ಮುಂದಕ್ಕೆಳೆದುಕೊಂಡರು.

ಪೈಪು ಎಲ್ಲಿಂದ ತಂದೆ ಎಂದು ಕೇಳಿದರೆ ರುದ್ರಪ್ಪ ಕೇಂದ್ರದಲ್ಲೇ ಇತ್ತು ಅಂದ. ಯಾರು ಕೊಟ್ಟರು ಅಂದರೆ ತಲೆ ತಗ್ಗಿಸಿದ. ಆಗ ಏಕಾಂತಪ್ಪ ಎದ್ದು ಅವನ ಹತ್ತಿರ ಹೋಗಿ, ಗದರಿಸದೆ, ಮನೆಯವನನ್ನು ಕೇಳುವ ಹಾಗೆ ಕೇಳಿದ.

"ಗಾಳಿ ತೆಗೆಯೋದು ಒಬ್ಬನ ಕೈಯಲ್ಲಿ ಆಗಲ್ಲ. ಒಬ್ಬ ಗಾಡಿ ಅಡಿಗೆ ಮಲಗಿ ಗಾಳಿ ಹೊರಗೆ ಬಿಡೋ ನಿಪ್ಪಲ್ ಸಡಿಲ ಮಾಡ್ಬೇಕು, ಇನ್ನೊಬ್ಬ ಮೇಲೆ ಕೂತು ಪೆಡಲ್ ಒತ್ತಬೇಕು. ಅಡಿಗೆ ನೀನು. ಮೇಲೆ ಕೂತಿದ್ದು ಯಾರು?"

ರುದ್ರಪ್ಪ ಬಾಗಿಲ ಕಡೆ ನೋಡಿದ, ಹೊರಗೆ ಹೋಗುವ ದಾರಿ ಅಲ್ಲೇ ಇತ್ತು. ಆಮೇಲೆ ತನ್ನ ಪ್ಲಾಸ್ಟರ್ ಕೈಯನ್ನು ನೋಡಿಕೊಂಡ.

"ಉಮಾಮಹೇಶ್ವರ ಸಾರ್," ಎಂದ. "ಪೈಪು ಕೊಟ್ಟಿದ್ದೂ ಅವ್ರೇ."

ಹೊರಗೆ ಧರ್ಮಸ್ಥಳದ ಬಸ್ಸು ಗೇರು ಬದಲಾಯಿಸಿ ಘಾಟಿಯ ಕಡೆ ಹೋಯಿತು. ಆ ದಿನ ಆ ಜೀಪಿನಲ್ಲಿ ಹೋಗಬೇಕಿದ್ದವಳು ಮಾಲವಿಕಾ. ಬಿರಿದ ಪೈಪನ್ನು ಕೊಟ್ಟವರು, ಅದನ್ನು ಬಿಗಿಯುವಾಗ ಪೆಡಲ್ ಒತ್ತಿದವರು ಅವಳ ಗುರು. ಅವಳು ತಂದೆಯ ಸಮಾನ ಎಂದುಕೊಂಡಿದ್ದವರು. ಆದರೂ ಲೆಕ್ಕ ಕೂಡಲಿಲ್ಲ. ಅವಳಿಗಾಗಿ ಇಟ್ಟ ಬಲೆಯೊಳಗೆ ಅವರೇ ಯಾಕೆ ಹೋಗಿ ಕೂತರು? ಆ ದಿನ ಹೊರಡುವಾಗ ಏನು ನಡೆಯಿತು ಹೇಳು ಎಂದ ಏಕಾಂತಪ್ಪ.

ರುದ್ರಪ್ಪ ತಡೆದು ತಡೆದು ಹೇಳಿದ. ಮೇಡಂ ಹತ್ತಿ ಕೂತಾಗಿತ್ತು. ಇಂಜಿನ್ನೂ ಚಾಲೂ ಆಗಿತ್ತು. ಸಾರ್ ಒಳಗಿಂದ ಓಡಿ ಬಂದರು, ಚಪ್ಪಲಿಯೂ ಹಾಕಿರಲಿಲ್ಲ. ಮೇಡಂ ಕೈಹಿಡಿದು ಇಳಿಸಿ, ಕಾಗದ ಇಸಕೊಂಡು ತಾವೇ ಹತ್ತಿದರು. ಗೇಟು ದಾಟಿದ ಮೇಲೆ ಒಂದು ಮಾತು ಹೇಳಿದರು.

"ಎಂತ ಮಾತು?"

"'ಮೆಲ್ಲಗೆ ಹೋಗು ರುದ್ರಪ್ಪ, ಬ್ರೇಕ್ ನಂಬಬೇಡ' ಅಂದ್ರು."

ಹಾಗಿದ್ದರೆ ನಿಲ್ಲಿಸೋಣ, ನೋಡೋಣ ಎಂದು ರುದ್ರಪ್ಪ ಹೇಳಿದನಂತೆ. ಹೊತ್ತಿಲ್ಲ, ಸಭೆ ಮುಗಿದುಹೋಗುತ್ತದೆ, ನಾನು ಇವತ್ತು ಹೇಳದಿದ್ದರೆ ಇನ್ಯಾವತ್ತೂ ಹೇಳಲಾರೆ ಎಂದರಂತೆ ಅವರು. ಗೇರಿನಲ್ಲೇ ತಡೆದು ಇಳಿಸುತ್ತಿದ್ದ. ತಿರುವಿನಲ್ಲಿ ಎದುರಿಗೆ ಬಸ್ಸು ಬಂತು, ಬ್ರೇಕು ಒತ್ತಿದ, ಕಾಲು ನೆಲ ಮುಟ್ಟಿತು.

"ನನ್ನ ಬಲಗಡೆ ಪ್ರಪಾತ ಸಾರ್. ಅವ್ರು ಸ್ಟೇರಿಂಗ್ ಹಿಡಿದು ತಮ್ಮ ಕಡೆಗೆ ಎಳ್ದು ಧರೆಗೆ ಗುದ್ದಿಸಿದ್ರು. ಪೆಟ್ಟು ಬಿದ್ದಿದ್ದು ಅವ್ರಿಗೆ. ಎಳೀದಿದ್ರೆ ನನ್ನ ಮೂಳೇನೂ ಸಿಗ್ತಿರ್ಲಿಲ್ಲ."

ಹಿರೇಮಠರು ಹಳೆಯ ಹಾಳೆಯನ್ನು ಹರಿದು ಹೊಸದನ್ನು ಎದುರಿಗಿಟ್ಟುಕೊಂಡರು. ಇಷ್ಟನ್ನೂ ಹೇಳಿದ ಹಾಗೇ ಬರೆಯುತ್ತೇನೆ, ಕೆಳಗೆ ಒಂದು ರುಜು ಹಾಕು, ಈಗಲೇ ಮನೆಗೆ ಹೋಗು ಎಂದರು. ಅವರ ದನಿಯಲ್ಲಿ ಮೊದಲ ಸಲ ಮೆತ್ತಗಿನ ಭಾವವಿತ್ತು. ಬರೆದರೆ ಆರೋಪಿ ಆಗುವುದು ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದವರು ಎಂಬುದು ಮೂವರಿಗೂ ಗೊತ್ತಿತ್ತು. ತನ್ನ ಪರವಾಗಿ ಅವರು ಒಂದು ಮಾತೂ ಆಡಲಾರರು ಎಂಬುದೂ ಗೊತ್ತಿತ್ತು.

"ಅವ್ರ ಹೆಸ್ರು ಬರೆಯೋದಾದ್ರೆ ನಾನು ರುಜು ಹಾಕಲ್ಲ ಸಾರ್," ಎಂದ ರುದ್ರಪ್ಪ.

ಹೊರಗೆ ಬಸಮ್ಮ ಕಾಯುತ್ತಿದ್ದಾಳೆ, ನಿನಗೆ ತಲೆ ಕೆಟ್ಟಿದೆಯೇನೋ ಎಂದು ಏಕಾಂತಪ್ಪ ಅವನ ಭುಜ ಹಿಡಿದ. ಸತ್ಯ ಹೇಳಿದ್ದೀಯಾ, ಸತ್ಯಕ್ಕೆ ರುಜು ಹಾಕುವುದಕ್ಕೇನು ಎಂದ. ರುದ್ರಪ್ಪ ಆ ಕೈಯನ್ನು ಮೆಲ್ಲಗೆ ಸರಿಸಿದ.

"ಪೈಪು ಕುಯ್ದಿದ್ದು ನಾನೇ ಅಂತ ಬರ್ಕೊಳ್ಳಿ, ಅದಕ್ಕೆ ಹಾಕ್ತೀನಿ."

ಅಷ್ಟು ಹೇಳಿ, ಪ್ಲಾಸ್ಟರ್ ಇಲ್ಲದ ಕೈಯನ್ನು ಮೇಜಿನ ಮೇಲೆ ಚಾಚಿ ಪೆನ್ನು ಕೇಳಿದ.